ಚಳಿಗಾಲದಲ್ಲಿ ಲಂಡನ್ ನಗರದ ಕಾಲ್ನಡಿಗೆ ದರ್ಶನ

'ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು' ಎಂಬುದು ನಮ್ಮ ಹಿರಿಯರ ಮಾತು. ಇವೆರಡನ್ನೂ ಏಕಕಾಲಕ್ಕೆ ಸಾಧಿಸುವ ಸುಯೋಗವು ವ್ಯಾಸಂಗಕ್ಕಾಗಿ ಪರದೇಶಕ್ಕೆ ತೆರಳುವ ವಿದ್ಯಾರ್ಥಿಗೆ ಪ್ರಾಪ್ತವಾಗುತ್ತದೆ. ಸವಣೂರಿನ ಸುಪುತ್ರರೊಬ್ಬರಿಗೆ ಈ ಸುಯೋಗ 1936ರಲ್ಲಿಯೇ ಒದಗಿಬಂದಿತ್ತು. ಸವಣೂರು ನವಾಬರ ಸಂಸ್ಥಾನವಾಗಿದ್ದ ಕಾಲದಲ್ಲಿ, 1909ರ ಆಗಸ್ಟ್ 9ರಂದು ಇಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಲ್ಲಿಂದ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯವರು ಅವರನ್ನು ಆಕ್ಸ್‌ಫರ್ಡಿಗೆ ಕಳುಹಿದರು. ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ವರ್ಗದ ಆನರ್ಸ್ ಪದವಿ ಪಡೆದು 1938ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಆ ಪ್ರವಾಸದ ಫಲವಾಗಿ ಕನ್ನಡಕ್ಕೆ 'ಸಮುದ್ರಗೀತೆಗಳು' ಎಂಬ ಕವನ ಸಂಗ್ರಹವೂ 'ಸಮುದ್ರದಾಚೆಯಿಂದ' ಎಂಬ ಪ್ರವಾಸ ಕಥನವೂ ದೊರೆತವು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬೋಧನಾವಧಿಗಳು ತಲಾ ಎಂಟು ವಾರಗಳವು. ಡಿಸೆಂಬರಿನ ಆರಂಭದಲ್ಲಿ ಮೊದಲ ಅವಧಿ ಮುಗಿದು ಜನವರಿಯ ಮಧ್ಯದವರೆಗೆ ಸುಮಾರು ಆರು ವಾರಗಳ ಬಿಡುವು ದೊರೆಯುತ್ತದೆ. ರಾಜಧಾನಿಯಾದ ಲಂಡನ್ ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿದೆ. ಆದುದರಿಂದ ದೂರದೇಶದ ವಿದ್ಯಾರ್ಥಿಯು ಮೊದಲ ಬಾರಿಗೆ ಆ ಮಹಾನಗರವನ್ನು ನಿರಾತಂಕವಾಗಿ ಸುತ್ತಿನೋಡಲು ಸಮಯ ಸಿಕ್ಕುವುದು ಬಹುಮಟ್ಟಿಗೆ ಚಳಿಗಾಲದ ನಡುವೆಯೇ. ಆಗ ಅವನಲ್ಲಿ ಕಡಿಮೆ ಇರುವ ವಸ್ತುಗಳು ಎರಡು: ಒಂದು ಹಣ, ಇನ್ನೊಂದು ಹಗಲು.

ಹಗಲು ಏಕೆ ಕಡಿಮೆಯೆಂಬುದನ್ನು ಮೊದಲು ತಿಳಿಯಬೇಕು. ಸವಣೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿದ್ದರೆ ಲಂಡನ್ 51½ ಡಿಗ್ರಿಯಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ನಮ್ಮಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಹಗಲಿರುತ್ತದೆ. ಅಲ್ಲಿ ಎಂಟು ಗಂಟೆಯೂ ತುಂಬುವುದಿಲ್ಲ. ಬೆಳಗಿನ ಎಂಟರ ಅನಂತರ ಉದಯಿಸಿದ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಅಸ್ತಮಿಸುತ್ತಾನೆ. ನಡುಹಗಲಿನಲ್ಲಿಯೂ ಅವನು ಕ್ಷಿತಿಜದಿಂದ 15 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅದೇ ದಿನ ಸವಣೂರಿನಲ್ಲಿ 52 ಡಿಗ್ರಿಯಷ್ಟು ಏರಿರುತ್ತಾನೆ. ಐದೂವರೆ ಅಡಿ ಎತ್ತರದ ಮನುಷ್ಯನ ನಡುಹಗಲಿನ ನೆರಳು ಇಲ್ಲಿ ನಾಲ್ಕೂವರೆ ಅಡಿಯೊಳಗಿದ್ದರೆ ಅಲ್ಲಿ ಇಪ್ಪತ್ತು ಅಡಿ ಚಾಚಿಕೊಳ್ಳುತ್ತದೆ. ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ ಅಕ್ಷಾಂಶವೆಂಬ ಪದದ ಅರ್ಥವನ್ನು ವಿದ್ಯಾರ್ಥಿ ಅಲ್ಲಿ ತನ್ನ ನೆರಳನ್ನು ನೋಡಿಯೇ ಕಲಿಯುತ್ತಾನೆ.

ಹಣದ ಕೊರತೆಗೆ ಕಾಲ್ನಡಿಗೆಯೇ ಪರಿಹಾರ. ಇದಕ್ಕೆ ಮಹಾತ್ಮಾ ಗಾಂಧೀಜಿಯವರ ಉದಾಹರಣೆ ಪ್ರಸಿದ್ಧವಾಗಿದೆ. 1888ರಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿಯಾಗಿ ಲಂಡನ್ನಿಗೆ ಹೋದ ಅವರು ಗಾಡಿಯ ಬಾಡಿಗೆಯನ್ನು ಉಳಿಸಲು, ಕೆಲಸದ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ತಲುಪಬಹುದಾದಲ್ಲಿ ಕೋಣೆ ಹಿಡಿದರು. ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಅಲ್ಲಿದ್ದಷ್ಟು ಕಾಲ ಆರೋಗ್ಯವಾಗಿದ್ದುದಕ್ಕೆ ಈ ನಡಿಗೆಯೇ ಮುಖ್ಯ ಕಾರಣವೆಂದು ಆತ್ಮಕಥೆಯಲ್ಲಿ ಹೇಳಿದ್ದಾರೆ. ಹೊಟ್ಟೆಗೆ ಹಿಡಿಸುವ ಊಟ ದೊರೆಯದೆ ಬಳಲುತ್ತಿದ್ದ ಅವರಿಗೆ ಫ್ಯಾರಿಂಗ್‌ಡನ್ ಬೀದಿಯ ಶಾಕಾಹಾರಿ ಭೋಜನಾಲಯ ಕಣ್ಣಿಗೆ ಬಿದ್ದುದು ಹೀಗೆ ತಿರುಗಾಡುತ್ತಿರುವಾಗಲೇ. ತಾಯಿಗೆ ಕೊಟ್ಟ ವಚನವನ್ನು ಉಳಿಸಿಕೊಳ್ಳಲು ಅವರ ಕಾಲುಗಳೂ ನೆರವಾದವೆನ್ನಬೇಕು.

ನಡಿಗೆಯಿಂದಾಗುವ ಇನ್ನೊಂದು ಲಾಭವೆಂದರೆ ನಗರದ ಪರಿಚಯ. 1863ರಲ್ಲಿಯೇ ಸುರಂಗ ರೈಲು ಆರಂಭವಾದ ಲಂಡನ್ನಿನಲ್ಲಿ, ನೆಲದಡಿಯಲ್ಲಿಯೇ ಸಂಚರಿಸುವವನಿಗೆ ಒಂದೊಂದು ನಿಲ್ದಾಣವೂ ಒಂದೊಂದು ಬೇರೆ ಊರಾಗಿ ತೋರುತ್ತದೆ. ಲೆಸ್ಟರ್ ಸ್ಕ್ವೇರ್ ಮತ್ತು ಕಾವೆಂಟ್ ಗಾರ್ಡನ್ ನಿಲ್ದಾಣಗಳ ನಡುವಣ ಅಂತರ 300 ಮೀಟರಿಗೂ ಕಡಿಮೆಯೆಂಬುದು ನಡೆದವನಿಗಷ್ಟೇ ಗೊತ್ತು.

ಒಂದು ದಿನದ ನಡಿಗೆಯನ್ನು ಹೀಗೆ ಯೋಜಿಸಬಹುದು. ಆಕ್ಸ್‌ಫರ್ಡಿನಿಂದ ಬರುವ ರೈಲು ಪ್ಯಾಡಿಂಗ್‌ಟನ್ ನಿಲ್ದಾಣವನ್ನು ಸೇರುತ್ತದೆ. ಅಲ್ಲಿಂದ ಹೈಡ್ ಪಾರ್ಕ್, ಗ್ರೀನ್ ಪಾರ್ಕ್, ಸೇಂಟ್ ಜೇಮ್ಸ್ ಪಾರ್ಕ್ ಎಂಬ ಮೂರು ಉದ್ಯಾನಗಳ ಮೂಲಕ, ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಹಾದು, ಸುಮಾರು ಐದು ಕಿಲೋಮೀಟರ್ ನಡೆದರೆ ವೆಸ್ಟ್‌ಮಿನ್‌ಸ್ಟರ್ ಬರುತ್ತದೆ. ಎಲೆ ಉದುರಿದ ಮರಗಳ ನಡುವೆ ದೂರದ ಕಟ್ಟಡಗಳು ಚಳಿಗಾಲದಲ್ಲಿಯೇ ಸ್ಪಷ್ಟವಾಗಿ ಕಾಣುವುವು. ವರ್ಡ್ಸ್‌ವರ್ತ್ ಕವಿಯ 1802ರ ಪ್ರಸಿದ್ಧ ಸುನೀತಕ್ಕೆ ಹೆಸರಿತ್ತದ್ದು ಇಲ್ಲಿಯ ಸೇತುವೆ. ಆದರೆ ಈಗಿರುವ ಸೇತುವೆ ಸಂಚಾರಕ್ಕೆ ತೆರೆದದ್ದು 1862ರಲ್ಲಿ. ಪುಸ್ತಕದಲ್ಲಿ ಓದಿದ್ದನ್ನು ಸ್ಥಳದಲ್ಲಿ ನಿಂತು ಒರೆಹಚ್ಚಿ ನೋಡುವ ಅಭ್ಯಾಸ ಇಲ್ಲಿಂದ ಮೊದಲಾಗುತ್ತದೆ.

ಮುಂದೆ ಟ್ರಫಾಲ್ಗರ್ ಚೌಕದಿಂದ ಪೂರ್ವಕ್ಕೆ ಸ್ಟ್ರ್ಯಾಂಡ್ ಮತ್ತು ಫ್ಲೀಟ್ ಬೀದಿಗಳನ್ನು ಹಿಡಿಯಬೇಕು. ಬೀದಿಯ ಮಗ್ಗುಲಿನ ಗೌ ಚೌಕದಲ್ಲಿ ಡಾ. ಜಾನ್ಸನ್ನರು 1755ರ ತಮ್ಮ ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದ ಮನೆ ಈಗಲೂ ಉಂಟು. 1894ರ ಕಿಟೆಲ್ಲರ ಕನ್ನಡ ನಿಘಂಟನ್ನು ಕಂಡ ಅಧ್ಯಾಪಕರಿಗೆ ಈ ಮನೆ ಪೂಜ್ಯವೆನಿಸೀತು. ಬೀದಿಯ ತುದಿಯಲ್ಲಿ, 1666ರ ಮಹಾ ಅಗ್ನಿದುರಂತದ ಅನಂತರ ಕ್ರಿಸ್ಟೋಫರ್ ರೆನ್ ಕಟ್ಟಿಸಿದ ಸೇಂಟ್ ಪಾಲ್ ದೇವಾಲಯದ ಗುಮ್ಮಟ ಏರಿ ನಿಂತಿದೆ. ವಿಜಾಪುರದ ಗೋಲಗುಮ್ಮಟದಲ್ಲಿರುವಂತೆ ಅದರ ಒಳಗೂ ಪಿಸುಮಾತನ್ನು ಎದುರುಬದಿಗೆ ಮುಟ್ಟಿಸುವ ವೃತ್ತಾಕಾರದ ಮೊಗಸಾಲೆಯುಂಟು. ಮಧ್ಯಾಹ್ನ ಮೂರೂವರೆಗೆ ಬೆಳಕು ಕುಂದತೊಡಗಿದಾಗ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರುವುದು ಲೇಸು. 1759ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. ಬೆಚ್ಚಗಿನ ಸಭಾಂಗಣಗಳಲ್ಲಿ, ಕೃಷ್ಣಾತೀರದ ಅಮರಾವತಿಯಿಂದ ಹೋದ ಶಿಲ್ಪಗಳೂ ಅಲ್ಲಿ ಕಾಣಸಿಗುತ್ತವೆ. ಹಗಲಿದ್ದಾಗ ಬೀದಿ, ಕತ್ತಲಾದಾಗ ಸಂಗ್ರಹಾಲಯ: ಚಳಿಗಾಲದ ದರ್ಶನಕ್ಕೆ ಇದೇ ಸೂತ್ರ.

ಗೋಕಾಕರ ಕಾಲದ ಲಂಡನ್ನಿನ ಚಳಿಗಾಲಕ್ಕೆ ಮಂಜೇ ದೊಡ್ಡ ಹೆದರಿಕೆಯಾಗಿತ್ತು. ಮನೆಮನೆಯ ಕಲ್ಲಿದ್ದಲಿನ ಹೊಗೆಯು ಮಂಜಿನೊಡನೆ ಬೆರೆತು, ಮೇಲಿನ ಬೆಚ್ಚನೆಯ ಗಾಳಿಯ ಪದರ ಅದನ್ನು ಕೆಳಗೇ ತಡೆದಾಗ, ಹಗಲಿನಲ್ಲಿಯೂ ದಾರಿ ಕಾಣದಾಗುತ್ತಿತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಕವಿದ ಇಂಥ ಮಂಜಿಗೆ ಸುಮಾರು ನಾಲ್ಕು ಸಾವಿರ ಜನ ಬಲಿಯಾದರೆಂದು ಆಗ ಲೆಕ್ಕ ಹಾಕಲಾಯಿತು. ಅನಂತರದ ಸಂಶೋಧನೆಗಳು ಇನ್ನೂ ಹೆಚ್ಚಿನ ಸಂಖ್ಯೆಯನ್ನು ಹೇಳಿವೆ. 1956ರ ಶುದ್ಧವಾಯು ಶಾಸನವು ಇದರ ಫಲ. ಈಗಿನ ವಿದ್ಯಾರ್ಥಿಗೆ ತೊಡಕಾಗುವುದು ತುಂತುರು ಮಳೆ, ತೇವದ ಗಾಳಿ ಮತ್ತು ಬೇಗ ಬರುವ ಕತ್ತಲೆ. ಜನವರಿಯ ನಡುಹಗಲಿನ ಉಷ್ಣತೆ ಸಾಮಾನ್ಯವಾಗಿ 8 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಒಂದೇ ದಪ್ಪ ಅಂಗಿಗಿಂತ ಒಂದರ ಮೇಲೊಂದು ತೊಟ್ಟ ತೆಳು ಉಣ್ಣೆಯ ಉಡುಪುಗಳು ಮೇಲು. ಅವುಗಳ ನಡುವೆ ನಿಂತ ಗಾಳಿಯೇ ಮೈಯ ಶಾಖವನ್ನು ಕಾಯುತ್ತದೆ. ನೀರು ಒಳಹೊಗದ ಪಾದರಕ್ಷೆ ಎಲ್ಲಕ್ಕಿಂತ ಮುಖ್ಯ.

ಇಂದಿನ ಕನ್ನಡ ವಿದ್ಯಾರ್ಥಿಯ ನಡಿಗೆಗೆ ಗೋಕಾಕರ ಕಾಲದಲ್ಲಿಲ್ಲದ ಒಂದು ನಿಲುಗಡೆಯೂ ಸೇರಿದೆ. ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಂಡೆಯಲ್ಲಿ ವಿಶ್ವಗುರು ಬಸವಣ್ಣನವರ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಭಾರತದ ಪ್ರಧಾನಮಂತ್ರಿಗಳು ಅನಾವರಣ ಮಾಡಿದರು. ನದಿಯಾಚೆಗೆ ಬ್ರಿಟನ್ನಿನ ಪಾರ್ಲಿಮೆಂಟ್ ಭವನ ನಿಂತಿದೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ಬಲ್ಲ ವಿದ್ಯಾರ್ಥಿಯು ಆ ದಂಡೆಯಲ್ಲಿ ನಿಂತಾಗ ತಾನು ಪರಸ್ಥಳದಲ್ಲಿರುವೆನೆಂಬ ಅಳುಕನ್ನು ಕೊಂಚವಾದರೂ ಮರೆಯುತ್ತಾನೆ. ಸವಣೂರಿನ ಕಲ್ಮಠದ ಆವರಣದಲ್ಲಿ ಆಫ್ರಿಕಾ ಮೂಲದ ದೊಡ್ಡ ಹುಣಸೆಮರಗಳು ಬೇರೂರಿ ನಮ್ಮವೇ ಆಗಿರುವುದನ್ನು ಕಂಡವರಿಗೆ, ದೂರದ ನೆಲ ಯಾರಿಗೂ ಸಂಪೂರ್ಣ ಪರಕೀಯವಲ್ಲವೆಂಬುದು ಹೊಸ ಮಾತಲ್ಲ.

ನಮ್ಮ ಭಾಗದ ಹಳ್ಳಿಗಳಿಂದ ಮಕ್ಕಳು ಮೈಲಿಗಟ್ಟಲೆ ನಡೆದು ಶಾಲೆಗೆ ಬಂದ ಕಾಲವನ್ನು ಹಳೆಯ ವಿದ್ಯಾರ್ಥಿಗಳು ಮರೆತಿಲ್ಲ. ಆ ಕಾಲುಗಳಿಗೆ ಲಂಡನ್ನಿನ ಬೀದಿಗಳು ದೂರವೆನಿಸಲಾರವು. ಅಲ್ಲಿಯವರೆಗೆ ಮುಟ್ಟಿಸುವ ಹೊಣೆ ಮಾತ್ರ ಸಮಾಜದ್ದು. ಗೋಕಾಕರನ್ನು ಒಂದು ವಿದ್ಯಾಸಂಸ್ಥೆ ಕಳುಹಿಸಿತು. ಅವರು ಅಧ್ಯಾಪಕರಾಗಿ, ಕವಿಯಾಗಿ, ಜ್ಞಾನಪೀಠ ಪುರಸ್ಕೃತರಾಗಿ ಆ ಋಣವನ್ನು ನಾಡಿಗೆ ನೂರ್ಮಡಿಯಾಗಿ ಸಲ್ಲಿಸಿದರು. ಅನ್ನ, ಅಕ್ಷರ ಎರಡನ್ನೂ ದಾಸೋಹವೆಂದು ಬಗೆದ ದಾನಿಗಳು ಪರದೇಶಕ್ಕೆ ಹೊರಟ ಬಡ ವಿದ್ಯಾರ್ಥಿಗೆ ಶುಲ್ಕ, ಪ್ರಯಾಣದ ವೆಚ್ಚಗಳೊಡನೆ ಒಂದು ಉಣ್ಣೆಯ ಕೋಟು ಮತ್ತು ಒಂದು ಜೊತೆ ಗಟ್ಟಿ ಬೂಟುಗಳನ್ನೂ ಒದಗಿಸಿದರೆ, ಮಿಕ್ಕ ದಾರಿಯನ್ನು ಅವನೇ ನಡೆದುಕೊಳ್ಳುವನು.