ಜಗತ್ತು ಹುಟ್ಟಿದ ಕಥೆಗಳು ಮತ್ತು ಮಕ್ಕಳು

ಬೆಟ್ಟ ಮಾಡಿದ್ದು ಯಾರು, ಸಮುದ್ರಕ್ಕೆ ನೀರು ತುಂಬಿದ್ದು ಯಾರು ಎಂಬ ಪ್ರಶ್ನೆ ಐದಾರು ವರ್ಷದ ಮಕ್ಕಳ ಬಾಯಲ್ಲಿ ತಾನಾಗಿಯೇ ಬರುತ್ತದೆ. ಈ ವಯಸ್ಸಿನವರು ಸೂರ್ಯ, ಕೆರೆ, ಪರ್ವತಗಳನ್ನೂ ಯಾರೋ ಮಾಡಿಟ್ಟ ವಸ್ತುಗಳೆಂದೇ ಬಗೆಯುತ್ತಾರೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ 1926ರಷ್ಟು ಹಿಂದೆಯೇ ದಾಖಲಿಸಿದ್ದರು. ಬಂಡೆ ಚೂಪಾಗಿರುವುದು ಏಕೆ? ಪ್ರಾಣಿಗಳು ಮೈ ತುರಿಸಿಕೊಳ್ಳಲಿ ಎಂದು. ಇಂಥ ಉತ್ತರಗಳೇ ಚಿಕ್ಕವರಿಗೆ ಹೆಚ್ಚು ಒಪ್ಪಿಗೆಯಾಗುತ್ತವೆ ಎಂದು ಅಮೆರಿಕದ ಡೆಬೊರಾ ಕೆಲೆಮನ್ ಅವರ ಅಧ್ಯಯನಗಳು ತೋರಿಸಿವೆ. ಸೃಷ್ಟಿಯ ಕಥೆಗಳನ್ನು ಕೇಳಲು ಇದಕ್ಕಿಂತ ಹದವಾದ ವಯಸ್ಸು ಬೇರೆ ಇಲ್ಲ. ಒಂದೇ ಕಥೆ ಕೇಳಿ ಬೆಳೆಯುವ ಮಗುವಿಗೂ ಹಲವು ಜನರ ಹಲವು ಕಥೆ ಕೇಳಿ ಬೆಳೆಯುವ ಮಗುವಿಗೂ ವ್ಯತ್ಯಾಸ ಶುರುವಾಗುವುದೂ ಇಲ್ಲಿಂದಲೇ.

ಜಾರ್ಖಂಡ್, ಬಂಗಾಳ, ಒಡಿಶಾಗಳ ಸಂತಾಲರ ಕಥೆಯಲ್ಲಿ ಮೊದಲಿಗೆ ಇದ್ದದ್ದು ಬರೀ ನೀರು. ಸೃಷ್ಟಿಕರ್ತ ಠಾಕೂರ್ ಜಿಯು ಎರಡು ಹಕ್ಕಿಗಳನ್ನು ಮಾಡಿ ಉಸಿರು ಕೊಡುತ್ತಾನೆ. ಹಾರಿ ಹಾರಿ ದಣಿದ ಹಕ್ಕಿಗಳಿಗೆ ಕೂರಲು ನೆಲವಿಲ್ಲ. ನೀರಿನಡಿಯ ಮಣ್ಣು ತರಲು ಜಲಚರಗಳು ಒಂದೊಂದಾಗಿ ಮುಳುಗುತ್ತವೆ. ಮೇಲೆ ಬರುವಷ್ಟರಲ್ಲಿ ಮಣ್ಣೆಲ್ಲ ಕರಗಿ ಹೋಗಿರುತ್ತದೆ. ಕೊನೆಗೆ ಎರೆಹುಳು ಮುಂದೆ ಬರುತ್ತದೆ. ಆಮೆ ನೀರಿನ ಮೇಲೆ ಅಲುಗಾಡದೆ ನಿಂತರೆ ತಾನು ಮಣ್ಣು ತರುವೆ ಎನ್ನುತ್ತದೆ. ಆಮೆಯ ನಾಲ್ಕು ಕಾಲುಗಳನ್ನೂ ಸರಪಳಿಯಿಂದ ಬಿಗಿಯುತ್ತಾರೆ. ಎರೆಹುಳು ತಳದ ಮಣ್ಣು ನುಂಗುತ್ತದೆ, ಬಾಲದ ತುದಿಯಿಂದ ಆಮೆಯ ಬೆನ್ನಿನ ಮೇಲೆ ಹಾಕುತ್ತದೆ. ಭೂಮಿ ತುಂಬುವವರೆಗೂ ಇದೇ ಕೆಲಸ. ಆಮೇಲೆ ಆ ಹಕ್ಕಿಗಳ ಎರಡು ಮೊಟ್ಟೆಗಳಿಂದ ಮೊದಲ ಮನುಷ್ಯರಾದ ಪಿಲ್ಚು ಹಾಡಾಮ್, ಪಿಲ್ಚು ಬೂಢಿ ಹೊರಬರುತ್ತಾರೆ.

ಅಂಗನವಾಡಿಯಲ್ಲಿ ಈ ಕಥೆ ಹೇಳಲು ಒಂದು ಬೋಗುಣಿ ನೀರು, ಹಿಡಿ ಮಣ್ಣು ಸಾಕು. ಮುಷ್ಟಿಯಲ್ಲಿ ಹಿಡಿದ ಮಣ್ಣು ನೀರಲ್ಲಿ ಕರಗುವುದನ್ನು ಕೈಯಾರೆ ಕಂಡ ಮಗುವಿಗೆ ಉಳಿದ ಪ್ರಾಣಿಗಳು ಸೋತದ್ದು ಏಕೆಂದು ವಿವರಿಸಬೇಕಾಗಿಲ್ಲ. ಎರೆಹುಳುಗಳು ನುಂಗಿ ಹೊರಹಾಕುವ ಮಣ್ಣಿನಿಂದ ನೆಲದ ಮೇಲ್ಪದರ ರೂಪುಗೊಳ್ಳುವುದನ್ನು ಚಾರ್ಲ್ಸ್ ಡಾರ್ವಿನ್ 1881ರಲ್ಲಿ ತನ್ನ ಕೊನೆಯ ಪುಸ್ತಕದಲ್ಲಿ ವಿವರಿಸಿದ. ಸಂತಾಲರ ಕಥೆ ವಿಜ್ಞಾನವಲ್ಲ. ಆದರೆ ನೆಲವನ್ನು ಹತ್ತಿರದಿಂದ ನೋಡಿದ ರೈತರ ಕಣ್ಣು ಅದರಲ್ಲಿದೆ.

ಉತ್ತರ ಅಮೆರಿಕದ ಹೌಡೆನೊಸೌನೀ ಜನರ ಕಥೆಯಲ್ಲೂ ಭೂಮಿ ಆಮೆಯ ಬೆನ್ನಿನ ಮೇಲೆಯೇ ನಿಲ್ಲುತ್ತದೆ. ಅಲ್ಲಿ ಆಕಾಶದಿಂದ ಬೀಳುವ ಹೆಂಗಸಿಗಾಗಿ ಮಣ್ಣು ತರುವುದು ಇಲಿಯಂಥ ಪುಟ್ಟ ಜಲಪ್ರಾಣಿ ಮಸ್ಕ್‌ರ್‍ಯಾಟ್. ಗ್ವಾಟೆಮಾಲಾದ ಮಾಯಾ ಜನರ 'ಪೊಪೊಲ್ ವುಹ್'ನಲ್ಲಿ ದೇವರುಗಳು ಮೊದಲು ಮಣ್ಣಿನ ಮನುಷ್ಯರನ್ನು ಮಾಡುತ್ತಾರೆ, ಅವರು ಕರಗುತ್ತಾರೆ. ಮರದ ಮನುಷ್ಯರನ್ನು ಮಾಡುತ್ತಾರೆ, ಅವರಿಗೆ ಮನಸ್ಸೇ ಇಲ್ಲ. ಅವರ ಮಡಕೆ, ಬೀಸುಕಲ್ಲು, ನಾಯಿಗಳೇ ಅವರ ಮೇಲೆ ತಿರುಗಿ ಬೀಳುತ್ತವೆ. ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದವರು ಉಳಿಯುತ್ತಾರೆ. ದೇವರುಗಳೂ ಮೊದಲ ಸಲಕ್ಕೇ ಗೆಲ್ಲಲಿಲ್ಲ ಎಂಬುದು ಮಕ್ಕಳಿಗೆ ಬಹಳ ಹಿಡಿಸುವ ಮಾತು. ನ್ಯೂಜಿಲೆಂಡಿನ ಮಾವೊರಿಗಳಲ್ಲಿ ಅಪ್ಪಿಕೊಂಡಿದ್ದ ಆಕಾಶತಂದೆ, ಭೂಮಿತಾಯಿಯರನ್ನು 'ತಾನೆ' ಎಂಬ ಹೆಸರಿನ ಮಗ ಬೇರ್ಪಡಿಸಿದಾಗ ಲೋಕಕ್ಕೆ ಬೆಳಕು ಬರುತ್ತದೆ.

ಎಲ್ಲ ಕಥೆಯೂ ಎಲ್ಲ ವಯಸ್ಸಿಗಲ್ಲ. ಬ್ಯಾಬಿಲೋನಿನ ದೇವರು ಮಾರ್ದುಕ್ ಸಮುದ್ರದೇವತೆ ತಿಯಾಮತಳ ದೇಹ ಸೀಳಿ ಆಕಾಶ ಭೂಮಿ ಮಾಡುವುದು ಹತ್ತು ದಾಟಿದವರಿಗಿರಲಿ. ಹಳೆ ಮೈಸೂರು ಸೀಮೆಯ ಜನಪದ ಕಾವ್ಯಗಳಲ್ಲಿ ಆದಿಶಕ್ತಿ ತ್ರಿಮೂರ್ತಿಗಳನ್ನು ಹುಟ್ಟಿಸುವ ಪ್ರಸಂಗವೂ ದೊಡ್ಡವರ ಕಿವಿಗೆ ಕಟ್ಟಿದ್ದು. ಹಾಗೆಯೇ, ಉತ್ತರ ಅಮೆರಿಕದ ಹಲವು ಮೂಲನಿವಾಸಿಗಳಲ್ಲಿ ಕೆಲವು ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕೆಂಬ ಕಟ್ಟುಪಾಡಿದೆ. ಅದನ್ನು ಮಕ್ಕಳಿಗೆ ತಿಳಿಸಿ ಪಾಲಿಸುವುದೂ ಪಾಠದ ಭಾಗವೇ.

ಕಷ್ಟದ ಕೆಲಸವಿರುವುದು ಅಕ್ಕಪಕ್ಕದ ಮನೆಗಳ ಕಥೆಗಳಲ್ಲಿ. ಬೈಬಲ್ಲಿನ ಆರು ದಿನಗಳ ಸೃಷ್ಟಿ ಮತ್ತು ಏಳನೆಯ ದಿನದ ವಿಶ್ರಾಂತಿ, ಕುರಾನಿನಲ್ಲಿ ಮಣ್ಣಿನಿಂದ ರೂಪುಗೊಂಡ ಆದಮ್, ಮುಳುಗಿದ ಭೂಮಿಯನ್ನು ಎತ್ತಿದ ವರಾಹ: ಇವು ತರಗತಿಯಲ್ಲಿ ಕುಳಿತ ಯಾವುದೋ ಮಗುವಿನ ಮನೆಯ ನಂಬಿಕೆ. ಇವನ್ನು 'ನಡೆದದ್ದು ಹೀಗೆ' ಎಂದೂ ಹೇಳಬಾರದು, 'ಬರೀ ಕಟ್ಟುಕಥೆ' ಎಂದೂ ಹೇಳಬಾರದು. 'ಕ್ರೈಸ್ತರೂ ಯೆಹೂದಿಗಳೂ ಹೀಗೆ ಹೇಳುತ್ತಾರೆ' ಎಂದು ಕಥೆಯ ಒಡೆಯರನ್ನು ಹೆಸರಿಸಿ ಆರಂಭಿಸುವುದೇ ಸರಿಯಾದ ದಾರಿ. ಸೃಷ್ಟಿಕರ್ತನೇ ಇಲ್ಲದ ದರ್ಶನಗಳಿಗೂ ಜಾಗವಿರಬೇಕು. ಜಗತ್ತನ್ನು ಯಾರೂ ಮಾಡಲಿಲ್ಲ, ಅದಕ್ಕೆ ಆದಿಯೂ ಅಂತ್ಯವೂ ಇಲ್ಲ ಎಂಬುದು ಜೈನರ ನಿಲುವು. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಇದನ್ನು ಖಡಾಖಂಡಿತವಾಗಿ ವಾದಿಸಿದರು. ಅವರ ಸಂಸ್ಕೃತ ಆದಿಪುರಾಣವೇ ಪಂಪನ ಕನ್ನಡ ಆದಿಪುರಾಣಕ್ಕೆ ಆಧಾರ.

ಶಾಲೆಗಳಲ್ಲಿ ಇಂಥ ಪಾಠ ಹೊಸದಲ್ಲ. ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ 1939ರಲ್ಲಿ ಮದ್ರಾಸಿಗೆ ಬಂದ ಮಾರಿಯಾ ಮಾಂಟೆಸೊರಿ ಮಹಾಯುದ್ಧದಿಂದಾಗಿ ಇಲ್ಲೇ ಉಳಿದರು. ಕೊಡೈಕನಾಲ್‌ನಲ್ಲಿದ್ದಾಗ ಮಗ ಮಾರಿಯೊ ಜೊತೆ ಅವರು ರೂಪಿಸಿದ ವಿಶ್ವ ಶಿಕ್ಷಣದ ಮೊದಲ ಮಹಾಕಥೆ ಬ್ರಹ್ಮಾಂಡದ ಹುಟ್ಟಿನದು. ಇಂದು ಅನೇಕ ಮಾಂಟೆಸೊರಿ ಶಿಕ್ಷಕರು ಅದರ ಬೆನ್ನಿಗೇ ನಾನಾ ಜನಾಂಗಗಳ ಸೃಷ್ಟಿಕಥೆಗಳನ್ನು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಕಾಯ್ದೆ, ಧರ್ಮಶಿಕ್ಷಣದ ಹೊಸ ಪಠ್ಯಕ್ರಮಗಳು ಕ್ರೈಸ್ತ ಧರ್ಮದ ಜೊತೆಗೆ ಇತರ ಪ್ರಮುಖ ಧರ್ಮಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ವಿಧಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ಸರ್ಕಾರಿ ಶಾಲೆಗಳ ಬೈಬಲ್ ಪಠಣವನ್ನು ತಡೆದಾಗಲೂ ಧರ್ಮಗಳ ಬಗೆಗಿನ ಅಧ್ಯಯನಕ್ಕೆ ಅಡ್ಡಿ ಮಾಡಲಿಲ್ಲ. 1987ರಲ್ಲಿ ವಿಕಾಸವಾದದ ಪಕ್ಕದಲ್ಲಿ ಸೃಷ್ಟಿವಾದವನ್ನೂ ವಿಜ್ಞಾನವೆಂದು ಕಲಿಸುವ ಲೂಸಿಯಾನಾದ ಕಾಯ್ದೆಯನ್ನು ಅದೇ ಕೋರ್ಟ್ ರದ್ದುಪಡಿಸಿತು.

ಧರ್ಮವನ್ನು ಬೋಧಿಸುವುದಕ್ಕೂ ಧರ್ಮಗಳ ಬಗ್ಗೆ ಕಲಿಸುವುದಕ್ಕೂ ನಡುವಿನ ಈ ಗೆರೆ ಭಾರತಕ್ಕೂ ಸಲ್ಲುತ್ತದೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು. ಧರ್ಮಗಳ ಕುರಿತ ಅಧ್ಯಯನ ಇದಕ್ಕೆ ವಿರುದ್ಧವಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಂದಮೇಲೆ ಎರೆಹುಳುವಿನ ಕಥೆಯನ್ನೋ ಮೆಕ್ಕೆಜೋಳದ ಮನುಷ್ಯರ ಕಥೆಯನ್ನೋ ಹೇಳಲು ಸರ್ಕಾರಿ ಶಾಲೆಯ ಶಿಕ್ಷಕರು ಅಂಜಬೇಕಿಲ್ಲ.

'ಇದರಲ್ಲಿ ನಿಜ ಯಾವುದು?' ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಭೂಮಿಗೆ ಸುಮಾರು 454 ಕೋಟಿ ವರ್ಷ ವಯಸ್ಸು, ಅದನ್ನು ಬಂಡೆಗಳನ್ನೂ ಉಲ್ಕೆಗಳನ್ನೂ ಅಳೆದು ಕಂಡುಕೊಂಡಿದ್ದಾರೆ ಎಂದು ನೇರವಾಗಿ ಹೇಳಬೇಕು. ಕಥೆಗಳು ಆಯಾ ಜನ ತಮ್ಮ ನೆಲ, ಬೆಳೆ, ಪ್ರಾಣಿಗಳ ಜೊತೆ ಹೇಗೆ ಬದುಕಿದರೆಂದು ತಿಳಿಸುತ್ತವೆ ಎಂಬುದನ್ನೂ ಅಷ್ಟೇ ನೇರವಾಗಿ ಹೇಳಬೇಕು. ಎರಡನ್ನೂ ಬೆರೆಸದೆ ಹೇಳುವ ಕಲೆ ಕಲಿತು ಬರುವಂಥದ್ದು. ಶಿಕ್ಷಕರ, ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ರೂಪಿಸುವವರು ಅದಕ್ಕೆ ಸಮಯ ಎತ್ತಿಡಬೇಕು.