ಅರಿಷಿಣಕ್ಕೆ ಬೇಕಾದ ಅಚ್ಚಿನ ಸಾಕ್ಷಿ

ಜತ್ತ ತಾಲೂಕಿನ ಕನ್ನಡ ಮನೆಗಳಲ್ಲಿ ಕುಡಗೋಲು ತಾಗಿ ಬೆರಳು ಕೊಯ್ದರೆ ಮೊದಲು ಕೈ ಹೋಗುವುದು ಅರಿಷಿಣದ ಡಬ್ಬಿಗೆ. ಒಂದು ಚಿಟಿಕೆ ಪುಡಿ ಒತ್ತಿ, ಹಳೇ ಸೀರೆಯ ಚೂರು ಸುತ್ತಿದರೆ ಮುಗಿಯಿತು. ಆ ಅರಿಷಿಣಕ್ಕೆ ಹೆಸರಾದ ಪೇಟೆ ನಮ್ಮ ಜಿಲ್ಲಾ ಕೇಂದ್ರ ಸಾಂಗಲಿಯೇ. ಪಕ್ಕದ ಹರಿಪುರದಲ್ಲಿ ನೆಲದೊಳಗೆ ಹಗೇವು ತೋಡಿ ಕೊಂಬು ಕೂಡಿಡುತ್ತಿದ್ದರು.

ಅದೇ ಚಿಟಿಕೆ ಪುಡಿಗೆ 1995ರ ಮಾರ್ಚ್ 28ರಂದು ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಸಂಖ್ಯೆ 5,401,504. ಒಡೆತನ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ್ದು. ಸಂಶೋಧಕರು ಸುಮನ್ ದಾಸ್ ಮತ್ತು ಹರಿಹರ ಕೊಹ್ಲಿ. ಗಾಯ ಮಾಯಲು ಅರಿಷಿಣದ ಪುಡಿ ಕೊಡುವ ವಿಧಾನ, ಮೇಲೆ ಹಚ್ಚಿದರೂ ಹೊಟ್ಟೆಗೆ ಕೊಟ್ಟರೂ, ತಮ್ಮದೇ ಎಂಬುದು ಅದರಲ್ಲಿದ್ದ ಹಕ್ಕು.

ಆಗ ರಘುನಾಥ ಮಾಶೇಲ್ಕರ್ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನ, ಅಂದರೆ ಸಿಎಸ್‌ಐಆರ್‌ನ, ಮಹಾನಿರ್ದೇಶಕರು. ಈ ಪೇಟೆಂಟನ್ನು ಬಿಡಬಾರದೆಂದು ಸಂಸ್ಥೆ ಹಟ ಹಿಡಿಯಿತು. ಆದರೆ ಕೋಟಿ ಮನೆಗಳ ರೂಢಿ ಅಲ್ಲಿ ಸಾಕ್ಷಿಯಾಗಿ ನಿಲ್ಲುತ್ತಿರಲಿಲ್ಲ. ಹೊರದೇಶದ ಬಳಕೆಯನ್ನು ಅಮೆರಿಕದ ಅಂದಿನ ಕಾನೂನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಪೇಟೆಂಟಾಗಿರಬೇಕು, ಇಲ್ಲವೇ ಅಚ್ಚಾಗಿರಬೇಕು. ಬಾಯಿಂದ ಬಾಯಿಗೆ ಬಂದ ಅರಿವಿಗೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣದು. ಹೊಸತನಕ್ಕೆ ಅಳತೆಗೋಲು ಒಂದೇ: ಹಕ್ಕಿನಲ್ಲಿ ಬರೆದ ಒಂದೊಂದು ಅಂಶವೂ ಹಿಂದಿನ ಒಂದೇ ದಾಖಲೆಯಲ್ಲಿ ಇದ್ದರೆ ಅದು ಬಿದ್ದುಹೋಗುತ್ತದೆ.

ಹುಡುಕಾಟ ಗ್ರಂಥಾಲಯಗಳ ಕಪಾಟಿಗೆ ಇಳಿಯಿತು. ಸಂಸ್ಕೃತ, ಉರ್ದು, ಹಿಂದಿ ಬರಹಗಳೂ ಸೇರಿ 32 ಆಧಾರಗಳು ಸಿಕ್ಕವು. ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲೇ ಅಚ್ಚಾಗಿದ್ದ ಪ್ರಬಂಧವೊಂದು ಅವುಗಳಲ್ಲಿತ್ತು. ಅವನ್ನೆಲ್ಲ ಕಟ್ಟಿಕೊಂಡು 1996ರ ಅಕ್ಟೋಬರಿನಲ್ಲಿ ಸಿಎಸ್‌ಐಆರ್ ಮರುಪರಿಶೀಲನೆಗೆ ಅರ್ಜಿ ಹಾಕಿತು.

ಎದುರಿನವರು ಸುಮ್ಮನಾಗಲಿಲ್ಲ. ಹಳೆಯ ಬರಹಗಳು ಹೇಳುವುದು ಅರೆದ ಲೇಪದ ಮಾತು, ನಮ್ಮದು ಪುಡಿ. ಮೈ ಹೀರಿಕೊಳ್ಳುವ ಬಗೆಯೇ ಬೇರೆ ಎಂದು ವಾದ ಹೂಡಿದರು. ಪುಡಿಗೆ ನೀರೋ ಎಣ್ಣೆಯೋ ಬಿದ್ದರೆ ಲೇಪ ಎಂಬುದು ಒಲೆಯ ಮುಂದೆ ಕೂತ ಯಾರಿಗೂ ಗೊತ್ತು. ಆದರೆ ಪೇಟೆಂಟ್ ಕಚೇರಿಯಲ್ಲಿ ಅದನ್ನೂ ಕಾಗದದ ಮೇಲೆಯೇ ಸಾಧಿಸಬೇಕಿತ್ತು, ಸಾಧಿಸಿದರು. 1997ರ ಆಗಸ್ಟಿನಲ್ಲಿ ಪರೀಕ್ಷಕರು ಆರೂ ಹಕ್ಕುಗಳನ್ನು ತಳ್ಳಿಹಾಕಿದರು. 1998ರ ಏಪ್ರಿಲ್‌ನಲ್ಲಿ ಪೇಟೆಂಟ್ ವಿಧಿವತ್ತಾಗಿ ರದ್ದಾಯಿತು.

ಈ ಪಾಡು ಮತ್ತೆ ಬೇಡವೆಂದೇ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುವಾಯಿತು. ಹಳೆಯ ವೈದ್ಯಗ್ರಂಥಗಳ ಮದ್ದುಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಿಗೆ ತಂದು ಪೇಟೆಂಟ್ ಪರೀಕ್ಷಕರ ಕೈಗೆ ಸಿಗುವಂತೆ ಇಟ್ಟರು. 2018ರಲ್ಲಿ ಸಾಂಗಲಿ ಅರಿಷಿಣಕ್ಕೆ ಭೌಗೋಳಿಕ ಗುರುತೂ ದಕ್ಕಿತು. 2013ರ ಮಾರ್ಚ್ 16ರಿಂದ ಅಮೆರಿಕದ ಕಾನೂನು ಹೊಸ ಅರ್ಜಿಗಳ ಮಟ್ಟಿಗೆ ಹೊರದೇಶದ ಬಹಿರಂಗ ಬಳಕೆಯನ್ನೂ ಒಪ್ಪುತ್ತದೆ. ಆದರೆ ಒಮ್ಮೆ ಕೊಟ್ಟ ಪೇಟೆಂಟನ್ನು ಮರುಪರಿಶೀಲನೆಗೆ ಎಳೆಯಲು ಇಂದಿಗೂ ಹಳೆಯ ಪೇಟೆಂಟು, ಇಲ್ಲವೇ ಅಚ್ಚಾದ ಬರಹವೇ ಬೇಕು.