ಕೊಳ್ಳೇಗಾಲಕ್ಕೆ ಹೋಗುವ ಮುನ್ನ

ಯಾರಾದರೂ ‘ಕೊಳ್ಳೇಗಾಲಕ್ಕೆ ಹೋಗಿ ಬಂದರು’ ಎಂದರೆ, ರೇಷ್ಮೆ ಸೀರೆ ತರಲು ಹೋದರೆಂದು ನಮ್ಮಲ್ಲಿ ಯಾರೂ ತಿಳಿಯುವುದಿಲ್ಲ. ಮಾಟ-ಮಂತ್ರದವರನ್ನು ಕಾಣಲು ಹೋದರೆಂದೇ ಅರ್ಥ. ಮಗ್ಗವನ್ನೂ ಹೊಲವನ್ನೂ ನಂಬಿ ಬದುಕುವ ಅಲ್ಲಿನ ಜನರಿಗೆ ಇದರಿಂದ ಬೇಸರವಾಗುವುದು ಸಹಜ. ಆದರೆ ಪ್ರಶ್ನೆ ಇರುವುದು ಅವರ ಬಗ್ಗೆಯಲ್ಲ, ನಮ್ಮ ಬಗ್ಗೆ. ಮಗನಿಗೆ ಕೆಲಸ ಸಿಗಲಿಲ್ಲ, ಮಗಳ ಸಂಬಂಧ ಮುರಿಯಿತು, ಗಲ್ಫಿನ ವೀಸಾ ಬರಲಿಲ್ಲ ಎಂದಾಗ ಭಾನುವಾರ ಬಲಿಪೂಜೆಗೆ ಬಂದು, ಸೋಮವಾರ ಗುಟ್ಟಾಗಿ ತಾಯಿತ ಕಟ್ಟಿಸಿಕೊಳ್ಳುವವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ.

ಧರ್ಮಸಭೆ ಇದನ್ನು ಒಪ್ಪುವುದಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2116 ಮತ್ತು 2117ನೇ ಪರಿಚ್ಛೇದಗಳು ಜಾತಕ, ಹಸ್ತರೇಖೆ, ಶಕುನ, ಮಾಟ, ಇವೆಲ್ಲವನ್ನೂ ತಳ್ಳಿಹಾಕುತ್ತವೆ. ತಾಯಿತ ಧರಿಸುವುದೂ ಸಲ್ಲದೆನ್ನುತ್ತವೆ. ಆದರೆ ಬರೀ ‘ಹೋಗಬೇಡಿ’ ಎಂದರೆ ದಿಕ್ಕು ತೋಚದ ತಾಯಿಗೆ ಸಮಾಧಾನವಾದೀತೆ? ಹಾಗಾದರೆ ಎಲ್ಲಿಗೆ ಹೋಗಲಿ ಎಂದು ಆಕೆ ಕೇಳುತ್ತಾಳೆ.

ಈ ಪ್ರಶ್ನೆ ಕೊಳ್ಳೇಗಾಲ, ಹನೂರು, ಯಳಂದೂರಿನ ಕ್ರೈಸ್ತರಿಗೂ ಇರುವಂಥದ್ದೇ. ಇವು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ ಊರುಗಳು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರಿನಾಚೆಯ ಮಾರ್ಟಳ್ಳಿಯಂಥ ಹಳ್ಳಿಗಳ ಕಥೋಲಿಕರು ಇಂದಿಗೂ ಮನೆಯಲ್ಲಿ ತಮಿಳು ಮಾತನಾಡುತ್ತಾರೆ. ಮಳೆ ನಂಬಿದ ಹೊಲ, ಸುತ್ತ ಕಾಡು. ಪಿಯುಸಿ ಮುಗಿಸಿದ ಹುಡುಗ ಊರಲ್ಲೇ ಉಳಿಯಬೇಕೆ, ಬೆಂಗಳೂರಿಗೆ ದುಡಿಯಲು ಹೋಗಬೇಕೆ, ಗುರುಮಠ ಸೇರಬೇಕೆ? ಮನೆಮಂದಿಗೆಲ್ಲ ಇದೇ ಚಿಂತೆ.

ಇದಕ್ಕೆ ನಮ್ಮ ಧರ್ಮಸಭೆಯಲ್ಲಿ ಹಳೆಯದೊಂದು ದಾರಿ ಇದೆ. ಸಂತ ಇಗ್ನೇಶಿಯಸ್ ಲೊಯೋಲಾ ಅದನ್ನು ಕಂಡುಕೊಂಡದ್ದು ಹಾಸಿಗೆ ಹಿಡಿದಿದ್ದಾಗ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿನಿಂದ ಅವರ ಕಾಲು ಮುರಿಯಿತು. ಮಲಗಿದಲ್ಲೇ ಕೆಲವೊಮ್ಮೆ ಶೌರ್ಯದ, ಕೀರ್ತಿಯ ಕನಸು ಕಾಣುತ್ತಿದ್ದರು. ಕೆಲವೊಮ್ಮೆ ಸಂತರಂತೆ ಬದುಕುವ ಕನಸು. ಎರಡೂ ಹಿತವೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಯಾವ ಯೋಚನೆ ಬಂದುಹೋದ ಮೇಲೂ ಶಾಂತಿ ಉಳಿಯುತ್ತದೆ ಎಂದು ಗಮನಿಸಿರಿ ಎಂಬುದೇ ಅವರ ವಿಧಾನದ ಬೇರು. ಅವರು ಸ್ಥಾಪಿಸಿದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದರು. ಹಾಗಾಗಿ ಈ ಸೀಮೆಗೆ ಇದು ತೀರಾ ಹೊರಗಿನದೇನಲ್ಲ.

ಇಗ್ನೇಶಿಯಸರ ಎರಡು ಸೂಚನೆಗಳು ನಮಗೆ ಬಹಳ ಉಪಯುಕ್ತ. ಮನಸ್ಸು ಕುಗ್ಗಿರುವಾಗ ಹೊಸ ತೀರ್ಮಾನ ಮಾಡಬಾರದು. ನೆಮ್ಮದಿಯಲ್ಲಿದ್ದಾಗ ಮಾಡಿದ ತೀರ್ಮಾನಕ್ಕೇ ಅಂಟಿಕೊಳ್ಳಬೇಕು. ಮಂತ್ರವಾದಿಯ ಬಳಿ ನಾವು ಓಡುವುದು ಕುಗ್ಗಿದಾಗಲೇ ಅಲ್ಲವೆ? ಇನ್ನೊಂದು, ಕೆಡುಕು ಯಾವಾಗಲೂ ಗುಟ್ಟನ್ನು ಬಯಸುತ್ತದೆ, ಆದ್ದರಿಂದ ಮನಸ್ಸಿನ ತೊಳಲಾಟವನ್ನು ಒಳ್ಳೆಯ ಗುರುಗಳ ಮುಂದೆ ಬಿಚ್ಚಿಡಬೇಕು. ‘ಯಾರಿಗೂ ಹೇಳಬೇಡಿ’ ಎನ್ನುವವರ ಮಾತನ್ನು ಇದರೊಡನೆ ಹೋಲಿಸಿ ನೋಡಿ.

ರಾತ್ರಿ ಜಪಸರದ ನಂತರ ಹತ್ತು ನಿಮಿಷ ಸಾಕು. ಇಂದು ದೇವರು ಕೊಟ್ಟದ್ದೇನು, ಮನಸ್ಸು ಎಲ್ಲಿ ಅರಳಿತು, ಎಲ್ಲಿ ಮುದುಡಿತು ಎಂದು ನೆನೆದು, ಕ್ಷಮೆ ಬೇಡಿ, ನಾಳೆಯನ್ನು ಒಪ್ಪಿಸಿ ಮಲಗುವುದು. ಕೆಲವು ವಾರಗಳಾದ ಮೇಲೆ ಕಂಡದ್ದನ್ನು ಗುರುಗಳಿಗೋ ಧರ್ಮಭಗಿನಿಯರಿಗೋ ಹೇಳಬಹುದು. ನಮ್ಮ ಗುರುಗಳೂ ಇದಕ್ಕೆ ಸಮಯ ಕೊಡಬೇಕು. ಪೂಜೆ ಮುಗಿದ ತಕ್ಷಣ ಬೈಕ್ ಹತ್ತಿ ಹೊರಟರೆ ಜನ ಬೇರೆಯವರನ್ನು ಹುಡುಕುತ್ತಾರೆ.

ಉತ್ತರ ಬೇಗ ಸಿಗುತ್ತದೆಂದು ನಾವು ಹೇಳುತ್ತಿಲ್ಲ. ಇಗ್ನೇಶಿಯಸರು 1523ರಲ್ಲಿ ಜೆರುಸಲೇಮಿನಲ್ಲೇ ನೆಲೆಸಲು ಹೋದರು. ಅಲ್ಲಿಂದ ಹಿಂದಕ್ಕೆ ಕಳುಹಿಸಲ್ಪಟ್ಟರು. ಮೂವತ್ತು ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಲ್ಯಾಟಿನ್ ಕಲಿಯಲು ಕುಳಿತರು. ಗುರುದೀಕ್ಷೆ ಪಡೆದದ್ದು 1537ರಲ್ಲಿ, ಕಾಲು ಮುರಿದು ಹದಿನಾರು ವರ್ಷಗಳ ಮೇಲೆ.